ತುಮಕೂರು ಹತ್ತಿರ ನಾಲ್ಕೂವರೆ ಎಕರೆ: ಲೇಔಟ್ ಮಾಡಿದರೆ ಲೆಕ್ಕ ಗಿಟ್ಟುತ್ತದೆಯೇ, ನಕ್ಷೆ ಹೇಗಿರಬೇಕು?

ಮೂಡಲಹೊಲ:

ಗುಬ್ಬಿ ರಸ್ತೆ ಕಡೆ, ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯೊಳಗೆ ಒಂದು ಜಮೀನು ಮಾತುಕತೆಯಲ್ಲಿದೆ. ಪಹಣಿಯಲ್ಲಿ ಒಟ್ಟು 4 ಎಕರೆ 28 ಗುಂಟೆ, ಅದರಲ್ಲಿ 8 ಗುಂಟೆ ಬಿ ಖರಾಬು (ಸಾರ್ವಜನಿಕರಿಗೆ ಸೇರಿದ ಜಾಗ). ಉಳಿಯುವುದು 4 ಎಕರೆ 20 ಗುಂಟೆ. ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಹಳದಿ ಬಣ್ಣ, ಅಂದರೆ ವಸತಿ ವಲಯ.

ಆಕಾರ ಸರಿಯಾಗಿ ಆಯತ. ಪೂರ್ವ-ಪಶ್ಚಿಮ 594 ಅಡಿ, ಉತ್ತರ-ದಕ್ಷಿಣ 330 ಅಡಿ. ಉತ್ತರದ ಅಂಚಿನ ಉದ್ದಕ್ಕೂ ಒಂದು ಹಳ್ಳ, ಆ 8 ಗುಂಟೆ ಖರಾಬು ಅದೇ. ಜಮೀನು ದಕ್ಷಿಣದಿಂದ ಹಳ್ಳದ ಕಡೆಗೆ ಸುಮಾರು 8 ಅಡಿ ಇಳಿಯುತ್ತದೆ, ಪೂರ್ವಕ್ಕೂ ಸ್ವಲ್ಪ ಇಳಿಜಾರಿದೆ. 20 ಅಡಿಯ ಬಂಡಿದಾರಿ ಡಾಂಬರು ರಸ್ತೆಯಿಂದ ಸುಮಾರು 300 ಮೀಟರ್ ಬಂದು ನೈಋತ್ಯ ಮೂಲೆಯಲ್ಲಿ ನಿಲ್ಲುತ್ತದೆ. ಅರ್ಧ ಭಾಗ ಹಳೆಯ ತೆಂಗಿನ ತೋಟ. ವಾಯವ್ಯದಲ್ಲಿ, ಹಳ್ಳದ ಪಕ್ಕ, ಒಂದು ತೆರೆದ ಬಾವಿ. 11 ಕೆ.ವಿ. ವಿದ್ಯುತ್ ಲೈನು ಓರೆಯಾಗಿ ಹಾದುಹೋಗಿದೆ.

ಮಾಲೀಕರು ಎಕರೆಗೆ ಒಂದೂವರೆ ಕೋಟಿ ಹೇಳುತ್ತಿದ್ದಾರೆ. ಬೇಡವಾದರೆ ಅರ್ಧ-ಅರ್ಧ ಜಂಟಿ ಅಭಿವೃದ್ಧಿಗೂ (ಜಮೀನು ಅವರದು, ಖರ್ಚು ನಮ್ಮದು, ಸೈಟು ಸಮಪಾಲು) ಒಪ್ಪುತ್ತಾರಂತೆ. ಈ ಕಡೆ ಸೈಟು ಚದರಡಿಗೆ 1,500 ರೂಪಾಯಿಗೆ ಹೋಗುತ್ತದೆ ಎಂದು ಹಿಡಿದು ಲೆಕ್ಕ ಹಾಕುತ್ತಿದ್ದೇವೆ. 30×40 ಸೈಟು, ಎಲ್ಲವೂ ಪೂರ್ವ ಅಥವಾ ಪಶ್ಚಿಮಕ್ಕೆ ಮುಖ ಮಾಡಿ ಇರಬೇಕು ಎಂಬುದು ಜೊತೆಗಾರರ ಆಸೆ. ಶೇ 55ರಷ್ಟು ಸೈಟು ಸಿಗುತ್ತದೆ, 90 ಸೈಟು ಆಗುತ್ತದೆ ಎಂದು ಬ್ರೋಕರ್ ಹೇಳಿದ್ದಾರೆ. ಇದು ನಿಜವೇ? ಎಲ್ಲಿಂದ ಶುರು ಮಾಡಬೇಕು?

ಹದ್ದುಬಸ್ತು:

ಸರ್, ನಕ್ಷೆ ಆಮೇಲೆ, ಮೊದಲು ಕಾಗದ. ಅಡ್ವಾನ್ಸ್ ಕೊಡುವ ಮುನ್ನವೇ ನೋಡಬೇಕಾದದ್ದು ಈ ಜಮೀನು ಮೂಲದಲ್ಲಿ ಯಾರಿಗೆ, ಯಾವ ರೀತಿ ಬಂತು ಎಂಬುದು. ಕೈಬರಹದ ಹಳೆಯ ಪಹಣಿಗಳನ್ನೂ ಮ್ಯುಟೇಷನ್ ಪ್ರತಿಗಳನ್ನೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿ. ಎಲ್ಲಾದರೂ ದರಖಾಸ್ತು, ಸಾಗುವಳಿ ಚೀಟಿ, ತೋಟಿ ಇನಾಂ ಎಂಬ ಪದ ಕಂಡರೆ, ಅಂದರೆ ಮಂಜೂರಾದ ಜಮೀನೆಂಬ ಸುಳಿವು ಸಿಕ್ಕರೆ, ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ (ಅಂಥ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದು ಕೈಬದಲಾಗಿದ್ದರೆ ನಡುವೆ ಎಷ್ಟು ಕ್ರಯಪತ್ರ ಆಗಿದ್ದರೂ ಉಪಯೋಗವಿಲ್ಲ. 2023ರ ತಿದ್ದುಪಡಿಯ ನಂತರ ಹಳೆಯ ಪ್ರಕರಣ, ಕಾಲ ಮೀರಿದೆ ಎಂಬ ಧೈರ್ಯವನ್ನೂ ಇಟ್ಟುಕೊಳ್ಳುವಂತಿಲ್ಲ.

ಎರಡನೆಯದು ವಂಶವೃಕ್ಷ. ಪಿತ್ರಾರ್ಜಿತ ಜಮೀನಾದರೆ ಹೆಣ್ಣುಮಕ್ಕಳ ಸಹಿ ಬೇಕೇ ಬೇಕು. ಮದುವೆಯಾಗಿ ಹೋದವರು, ತೀರಿಕೊಂಡ ಮಗಳ ಮಕ್ಕಳು, ಎಲ್ಲರೂ ಸೇರಿ. ‘ಬಾಯಿಮಾತಿನಲ್ಲಿ ಪಾಲು ಆಗಿದೆ’ ಎಂದರೆ ಒಪ್ಪಬೇಡಿ. ಲೇಔಟ್‌ಗಳ ಮೇಲೆ ತಡೆಯಾಜ್ಞೆ ಬೀಳುವುದು ಹೆಚ್ಚಾಗಿ ಇಂಥ ಬಿಟ್ಟುಹೋದ ಸಹಿಯಿಂದಲೇ, ಅದೂ ರಸ್ತೆಗೆ ಜಲ್ಲಿ ಬಿದ್ದು ಬೆಲೆ ಏರಿದ ಮೇಲೆ.

ಅಳತೆ ವಿಚಾರಕ್ಕೆ ಬಂದರೆ ಪಹಣಿ, ಆಕಾರ್‌ಬಂದ್, ಟಿಪ್ಪಣಿ (ಕೊನೆಯ ಎರಡು ಸರ್ವೆ ಇಲಾಖೆಯ ವಿಸ್ತೀರ್ಣ ಮತ್ತು ಅಳತೆಯ ದಾಖಲೆಗಳು) ಮೂರರಲ್ಲೂ ವಿಸ್ತೀರ್ಣ ಒಂದೇ ಇರಬೇಕು. ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿ, ಪೋಡಿ (ಹಿಸ್ಸೆ ಅಳೆದು ಬೇರೆ ನಂಬರ್ ಕೊಡುವುದು) ಆಗದಿದ್ದರೆ ಅದನ್ನೂ ಮಾಡಿಸಿ. ಆಮೇಲೆ ಹದ್ದುಬಸ್ತಿಗೆ (ಸರ್ಕಾರಿ ಎಲ್ಲೆ ಅಳತೆಗೆ) ಅರ್ಜಿ ಹಾಕಿ, ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಸರ್ವೆಯರ್ ಬಂದು ಕಲ್ಲು ಗುರುತಿಸಲಿ. ಖಾಸಗಿ ಟೋಟಲ್ ಸ್ಟೇಷನ್ ಸರ್ವೆ ಅದಾದ ನಂತರ. ಇದನ್ನು ಹಿಂದುಮುಂದು ಮಾಡಿದರೆ ಬೇಲಿ ಇದ್ದ ಕಡೆ ಅಳೆದು 594 ಅಡಿ ಎಂದುಕೊಳ್ಳುತ್ತೀರಿ, ಸರ್ಕಾರಿ ಕಲ್ಲು 588ಕ್ಕೆ ಬೀಳುತ್ತದೆ, ಅನುಮೋದನೆಗೆ ಕೊಟ್ಟ ನಕ್ಷೆಯೇ ಕೆಟ್ಟುಹೋಗುತ್ತದೆ. ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಮೊದಲ ನೋಟಕ್ಕೆ ಒಳ್ಳೆಯದು, ಎಲ್ಲೆ ನಿರ್ಧರಿಸಲು ಅಲ್ಲ.

ಬಿ ಖರಾಬನ್ನು ಲೆಕ್ಕದಿಂದ ತೆಗೆದಿರುವುದು ಸರಿ. ಅದು ಸಾರ್ವಜನಿಕರದು, ಪರಿವರ್ತನೆಯೂ ಆಗುವುದಿಲ್ಲ, ಸೈಟೂ ಆಗುವುದಿಲ್ಲ. ಮಾಲೀಕರು 4-28ಕ್ಕೆ ಬೆಲೆ ಕೇಳಿದರೆ ಕೊಡಬೇಡಿ, 4-20ಕ್ಕೆ ಮಾತ್ರ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ನಿಮ್ಮ ಬಂಡಿದಾರಿ. ಗ್ರಾಮ ನಕಾಶೆಯಲ್ಲಿ ಅದು ಜೋಡಿ ಗೆರೆಯಲ್ಲಿ ಇದೆಯೋ, ಇಲ್ಲ ಒಂಟಿ ಚುಕ್ಕೆ ಗೆರೆಯ ಕಾಲುದಾರಿಯೋ ನೋಡಿ. ನಕಾಶೆಯಲ್ಲೇ ಇಲ್ಲದೆ ಪಕ್ಕದವರ ಒಪ್ಪಿಗೆಯಿಂದ ನಡೆಯುತ್ತಿರುವ ದಾರಿಯಾದರೆ ಈ ಜಮೀನಿಗೆ ಲೇಔಟ್ ಅನುಮೋದನೆ ಸಿಗುವುದಿಲ್ಲ ಎಂದೇ ತಿಳಿಯಿರಿ. ನಕಾಶೆಯಲ್ಲಿ ಇದ್ದರೂ 20 ಅಡಿ ಸಾಲದು. ವಸತಿ ಲೇಔಟಿನ ಒಳರಸ್ತೆಯೇ ಕನಿಷ್ಠ 9 ಮೀಟರ್ ಇರಬೇಕು, ಸಂಪರ್ಕ ರಸ್ತೆ ಅದಕ್ಕಿಂತ ಕಿರಿದಾಗಿದ್ದರೆ ಆಕ್ಷೇಪ ಬಂದೇ ಬರುತ್ತದೆ. 300 ಮೀಟರ್ ಉದ್ದಕ್ಕೂ ಎರಡು ಬದಿಯ ಹಿಡುವಳಿದಾರರಿಂದ ದಾರಿ ಅಗಲಿಸುವಷ್ಟು ಜಾಗ ಪಡೆದು, ರಸ್ತೆಗೆಂದು ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಿಸಬೇಕು. ಎಷ್ಟು ಜನ, ಎಷ್ಟು ಗುಂಟೆ, ಎಷ್ಟು ಹಣ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಜಮೀನಿನ ಬೆಲೆಯೊಳಗೇ ಅದನ್ನು ಸೇರಿಸಿ ಮಾಲೀಕರ ಜೊತೆ ಮಾತಾಡಿ.

ಮಹಾಯೋಜನೆಯ ನಕ್ಷೆಯಲ್ಲಿ ಬಣ್ಣದ ಜೊತೆಗೆ ಉದ್ದೇಶಿತ ರಸ್ತೆಯ ಗೆರೆಗಳನ್ನೂ ನೋಡಿ. 18 ಅಥವಾ 24 ಮೀಟರ್ ರಸ್ತೆ ಜಮೀನನ್ನು ಸೀಳಿಕೊಂಡು ಹೋಗಿದ್ದರೆ ಆ ಜಾಗ ಉಚಿತವಾಗಿ ಬಿಡಬೇಕು.

ಕೊನೆಯದಾಗಿ ಕರಾರು. ಪೂರ್ತಿ ಹಣ ಕೊಟ್ಟು ಆಮೇಲೆ ಪರಿವರ್ತನೆಗೆ ಓಡಾಡುವುದು ಬೇಡ. ಒಂದು ಕಂತು ಕರಾರಿನ ದಿನ, ಒಂದು ಕಂತು ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶ ಬಂದಾಗ, ಉಳಿದದ್ದು ಸಂಪರ್ಕ ರಸ್ತೆ ಬಗೆಹರಿದು ತಾತ್ಕಾಲಿಕ ನಕ್ಷೆ ಅನುಮೋದನೆ ಆದಾಗ. ಕರಾರನ್ನು ನೋಂದಣಿ ಮಾಡಿಸಿ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಅದು ಕಾಣಲಿ.

ನಕ್ಷೆಗಾರ:

ಶೇ 55 ಎನ್ನುವುದು ಸಾಮಾನ್ಯವಾಗಿ ಸೈಟಿಗೆ ಬಿಡುವ ಗರಿಷ್ಠ ಮಿತಿ, ನಿಮ್ಮ ಕೈಗೆ ಸಿಗುವ ಖಾತರಿಯಲ್ಲ. ಉದ್ಯಾನಕ್ಕೆ ಶೇ 10, ನಾಗರಿಕ ಸೌಲಭ್ಯಕ್ಕೆ (ಸಿ.ಎ. ನಿವೇಶನ) ಶೇ 5, ಉಳಿದದ್ದು ರಸ್ತೆ ಎಂಬ ಹಂಚಿಕೆ ಹಿಡಿದು ಹೇಳುತ್ತೇನೆ. ಪ್ರಾಧಿಕಾರದ ವಲಯ ನಿಯಮಾವಳಿಯ ಪ್ರತಿ ತೆಗೆದುಕೊಂಡು ಇದನ್ನೂ ಕೆಳಗಿನ ಬಫರ್ (ಹಳ್ಳದ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ಅಳತೆಯನ್ನೂ ತಾಳೆ ನೋಡಿ.

ನಾಲ್ಕೂವರೆ ಎಕರೆ ಅಂದರೆ 1,96,020 ಚದರಡಿ. ಲಾಭ ಹೆಚ್ಚುಕಡಿಮೆ ಆಗುವುದು ಚದರಡಿಯ ದರಕ್ಕಿಂತ ಮೊದಲು ರಸ್ತೆಯ ಜೋಡಣೆಯಲ್ಲಿ. ಸೈಟು-ರಸ್ತೆ-ಸೈಟು ಸೇರಿ ಒಂದು ಪಟ್ಟಿ. 40 ಅಡಿ ಆಳದ ಸೈಟು, 30 ಅಡಿ ರಸ್ತೆ, ಮತ್ತೆ 40 ಅಡಿ ಸೈಟು ಎಂದರೆ 110 ಅಡಿ. ಅದರಲ್ಲಿ ಸೈಟಿನ ಪಾಲು ಶೇ 72.7. ಆಳ 55 ಅಡಿ ಆದರೆ ಪಟ್ಟಿ 140 ಅಡಿ, ಸೈಟಿನ ಪಾಲು ಶೇ 78.6. ರಸ್ತೆಯ ಒಂದೇ ಬದಿಗೆ ಸೈಟು ಇದ್ದರೆ, 40ಕ್ಕೆ 30, ಶೇ 57ಕ್ಕೆ ಕುಸಿಯುತ್ತದೆ. ಆದ್ದರಿಂದ ಒಂಟಿ ಬದಿಯ ರಸ್ತೆ ಒಂದೂ ಇರಬಾರದು, ಜಮೀನಿನ ಅಗಲಕ್ಕೆ ಪಟ್ಟಿಗಳು ಸರಿಯಾಗಿ ಕೂರುವಂತೆ ಸೈಟಿನ ಆಳವನ್ನು ಆರಿಸಬೇಕು. ‘30×40’ ಎಂದು ಮೊದಲೇ ಪಟ್ಟು ಹಿಡಿಯುವುದು ಇಲ್ಲಿ ನಷ್ಟದ ದಾರಿ.

ನಿಮ್ಮ ಜೊತೆಗಾರರ ಆಸೆಯನ್ನೇ ಮೊದಲು ಅಳೆಯೋಣ. ಎಲ್ಲ ಸೈಟು ಪೂರ್ವ-ಪಶ್ಚಿಮ ಮುಖ ಆಗಬೇಕಾದರೆ ರಸ್ತೆಗಳು ಉತ್ತರ-ದಕ್ಷಿಣ ಓಡಬೇಕು. 594 ಅಡಿಯಲ್ಲಿ 110ರ ಐದು ಪಟ್ಟಿ, 44 ಅಡಿ ಮಿಗುತ್ತದೆ. ಐದು ರಸ್ತೆಗಳನ್ನೂ ಜೋಡಿಸಲು ಒಂದು ತುದಿಗೆ 40 ಅಡಿ, ಇನ್ನೊಂದು ತುದಿಗೆ 30 ಅಡಿ ಅಡ್ಡರಸ್ತೆ, ಎರಡೂ 594 ಅಡಿ ಉದ್ದ. ಒಟ್ಟು ರಸ್ತೆ 80,580 ಚದರಡಿ, ಶೇ 41. ಉದ್ಯಾನ, ಸಿ.ಎ. ಕಳೆದರೆ ಸೈಟಿಗೆ ಉಳಿಯುವುದು ಹೆಚ್ಚೆಂದರೆ 86,037 ಚದರಡಿ, ಶೇ 44.

ಈಗ ರಸ್ತೆಯನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿ. ಪಶ್ಚಿಮದ ಅಂಚಿನಲ್ಲಿ 40 ಅಡಿ ಮುಖ್ಯ ರಸ್ತೆ, ಪೂರ್ವದ ಅಂಚಿನಲ್ಲಿ 30 ಅಡಿ ರಸ್ತೆ, ಎರಡೂ 330 ಅಡಿ ಉದ್ದ. ನಡುವೆ 524 ಅಡಿ ಸಿಗುತ್ತದೆ. 330 ಅಡಿ ಅಗಲಕ್ಕೆ 110ರ ಮೂರು ಪಟ್ಟಿ ಕರಾರುವಾಕ್ಕಾಗಿ ಕೂರುತ್ತದೆ ಎಂದು ಖುಷಿಪಡುವ ಹೊತ್ತಿಗೆ ಹಳ್ಳ ಅಡ್ಡ ಬರುತ್ತದೆ. ಬಫರ್ 15 ಮೀಟರ್ ಬಂದರೆ ಅದು 49 ಅಡಿ. ಉತ್ತರದ ಮೊದಲ ಸಾಲಿನ 40 ಅಡಿ ಸೈಟು ಪೂರ್ತಿ ಬಫರ್‌ಗೆ ಹೋಯಿತು, ಅದರ ಮುಂದಿನ ರಸ್ತೆ ಒಂಟಿ ಬದಿಯದಾಯಿತು. ಆ ಸಾಲನ್ನು ಉದ್ಯಾನ ಮಾಡಿ, ಸಿ.ಎ.ಗೆ ಬೇರೆ ಕಡೆ 9,801 ಚದರಡಿ ಕೊಟ್ಟರೆ ಸೈಟಿಗೆ ಉಳಿಯುವುದು ಸುಮಾರು 95,000, ಶೇ 48.5.

ನಾನು ಹೇಳುವ ನಕ್ಷೆ ಇದು. ಉತ್ತರದ 50 ಅಡಿಯನ್ನು ಪೂರ್ತಿ ಉದ್ಯಾನಕ್ಕೆ ಬಿಡಿ. ಉಳಿದ 280ರಲ್ಲಿ ಎರಡೇ ಎರಡು 30 ಅಡಿ ರಸ್ತೆ, ನಾಲ್ಕು ಸಾಲು ಸೈಟು. 220 ಭಾಗಿಸು 4, ಆಳ ಸರಿಯಾಗಿ 55 ಅಡಿ. ರಸ್ತೆ 54,540 ಚದರಡಿಗೆ ಇಳಿಯುತ್ತದೆ, ಶೇ 27.8. ಉದ್ಯಾನ 26,200, ಶೇ 13.4. ಬಫರ್ ಜಾಗವನ್ನು ಉದ್ಯಾನದ ಲೆಕ್ಕಕ್ಕೆ ಹಿಡಿಯುವ ಬಗ್ಗೆ ಪ್ರಾಧಿಕಾರದಿಂದ ಲಿಖಿತವಾಗಿ ಕೇಳಿಕೊಳ್ಳಿ, ಇಡೀ ನಕ್ಷೆ ಅದರ ಮೇಲೆ ನಿಂತಿದೆ. ಸಿ.ಎ. ನಿವೇಶನವನ್ನು ಮಾತ್ರ ಬಫರ್‌ನಲ್ಲಿ ತೋರಿಸಬೇಡಿ. ಅಲ್ಲಿ ಕಟ್ಟಡ ಕಟ್ಟಲಾಗದು, ಆಕ್ಷೇಪ ಬಂದು ನಕ್ಷೆ ವಾಪಸಾಗುತ್ತದೆ.

ಸಿ.ಎ.ಯನ್ನು ಉತ್ತರದ ಸಾಲಿನ ಪಶ್ಚಿಮ ತುದಿಯಲ್ಲಿ, 40 ಅಡಿ ರಸ್ತೆಗೆ ತಾಗಿ, 180×55 ಅಡಿ ಇಡಿ (9,900 ಚದರಡಿ). ಅದೇ ಸಾಲಿನಲ್ಲಿ ಮುಂದೆ 25×55ರ 13 ಸೈಟು, ಪೂರ್ವದ ಮೂಲೆಯದು ಮಾತ್ರ 30×55. ಉತ್ತರದ ಸಾಲಿನ ಮನೆಗಳು ಉದ್ಯಾನಕ್ಕೆ ಬೆನ್ನು ಹಾಕಿರುತ್ತವೆ. ಹೀಗೆ ಬಿಟ್ಟರೆ ಆ ಉದ್ಯಾನ ಕಸದ ಗುಂಡಿ ಆಗುವುದು ಖಂಡಿತ. ಆದ್ದರಿಂದ ಆ ಸಾಲಿನ ನಡುವೆ 14 ಅಡಿ ಕಾಲುದಾರಿ ಬಿಡಿ, ಹಿಂಬದಿ ಕಾಂಪೌಂಡ್ ನಾಲ್ಕು ಅಡಿ ಗೋಡೆ ಮೇಲೆ ಗ್ರಿಲ್ ಇರಲಿ. ಎರಡನೇ ಮತ್ತು ನಾಲ್ಕನೇ ಸಾಲು ಉತ್ತರಮುಖ, 30×55ರ ಹದಿನೇಳು ಹದಿನೇಳು ಸೈಟು. ಅಲ್ಲಿ ಮಿಗುವ 14 ಅಡಿಯನ್ನು ಎರಡು ಮೂಲೆ ಸೈಟುಗಳಿಗೆ 7 ಅಡಿಯಂತೆ ಹಂಚಿ. ಮೂಲೆಯವರು ಎರಡು ರಸ್ತೆಗೂ ಜಾಗ ಬಿಟ್ಟು ಮನೆ ಕಟ್ಟಬೇಕಾದ್ದರಿಂದ ಆ 7 ಅಡಿಗೆ ಸಂತೋಷದಿಂದ ದುಡ್ಡು ಕೊಡುತ್ತಾರೆ. ಮೂರನೇ ಸಾಲು ದಕ್ಷಿಣಮುಖ, 25×55ರ 20 ಸೈಟು. ಅಲ್ಲಿ ಮಿಗುವ 24×55 ಜಾಗ ಪಶ್ಚಿಮ ತುದಿಯಲ್ಲಿ ನೀರಿನ ಟ್ಯಾಂಕಿಗೆ.

ಒಟ್ಟು 67 ಸೈಟು, ಮಾರಾಟದ ಜಾಗ 1,03,290 ಚದರಡಿ, ಶೇ 52.7. ಬ್ರೋಕರ್ ಹೇಳಿದ 90ಕ್ಕಿಂತ ಸಂಖ್ಯೆ ಕಡಿಮೆ ಕಂಡರೂ ಮಾರುವುದು ಚದರಡಿಯನ್ನು. 30×40ರ ನಕ್ಷೆಗಿಂತ 8,290 ಚದರಡಿ ಹೆಚ್ಚು, ಅಂದರೆ 1,500ರ ದರದಲ್ಲಿ ಸುಮಾರು 1.24 ಕೋಟಿ. ಜೊತೆಗೆ 524 ಅಡಿಯ ಒಂದು ಇಡೀ ರಸ್ತೆ, ಚರಂಡಿ, ಪೈಪು ಉಳಿಯಿತು. ಪೂರ್ವ-ಪಶ್ಚಿಮ ಮುಖದ ನಕ್ಷೆಗಿಂತ 17,250 ಚದರಡಿ ಹೆಚ್ಚು, 2.59 ಕೋಟಿ. ಇಲ್ಲಿರುವ 33 ದಕ್ಷಿಣಮುಖ ಸೈಟುಗಳನ್ನು ಚದರಡಿಗೆ 150 ರೂಪಾಯಿ ಕಡಿಮೆಗೆ ಕೊಟ್ಟರೂ ಬಿಟ್ಟುಕೊಡುವುದು 68 ಲಕ್ಷ ಮಾತ್ರ. ದಕ್ಷಿಣಮುಖ ನಿಧಾನ ಮಾರಾಟವಾಗುತ್ತದೆ ಎಂಬುದು ನಿಜ. ಅದಕ್ಕಾಗಿಯೇ ಆ ಸಾಲುಗಳನ್ನು 25 ಅಡಿಗೆ ಇಳಿಸಿದ್ದು. 1,375 ಚದರಡಿಯ ಸೈಟಿನ ಒಟ್ಟು ಬೆಲೆ 30×40ಕ್ಕೆ ಹತ್ತಿರ ಬರುತ್ತದೆ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಸಂಬಳಕ್ಕಿರುವವರು ನೋಡುವುದು ಆ ಒಟ್ಟು ಮೊತ್ತವನ್ನು.

ಪೂರ್ವದ ಅಂಚಿನ ರಸ್ತೆ ವ್ಯರ್ಥ ಅನ್ನಿಸಬಹುದು. ಅದನ್ನು ತೆಗೆದರೆ ಎರಡು ರಸ್ತೆಗಳೂ ಕುರುಡು ತುದಿಯಾಗುತ್ತವೆ, ಕಸದ ಗಾಡಿ ತಿರುಗಲು ಜಾಗ ಬಿಡಬೇಕು, ಪಕ್ಕದ ಜಮೀನಿಗೆ ಮುಂದುವರಿಕೆ ಕೇಳಿದಾಗ ನಕ್ಷೆ ಮತ್ತೆ ಬದಲಾಗುತ್ತದೆ. ಇರಲಿ ಬಿಡಿ.

ಮೂಡಲಹೊಲ:

ತುಂಬಾ ಉಪಕಾರವಾಯಿತು ಸರ್. ನಾಳೆಯೇ ನಕಾಶೆಗೆ ಅರ್ಜಿ ಹಾಕುತ್ತೇವೆ. ರಸ್ತೆ, ಚರಂಡಿ, ನೀರು, ಕರೆಂಟಿನ ಅಂದಾಜು ಅಳತೆಗಳನ್ನೂ ಯಾರಾದರೂ ತಿಳಿಸಿದರೆ ಗುತ್ತಿಗೆದಾರರ ಹತ್ತಿರ ದರ ಕೇಳಲು ಅನುಕೂಲ. ತೆಂಗಿನ ತೋಟ ಇರುವ ಭಾಗಕ್ಕೆ ಬೇರೆ ಏನಾದರೂ ಮಾಡಬೇಕೇ? ಬಾವಿ ಮುಚ್ಚಬಹುದೇ?

ಚರಂಡಿಮಟ್ಟ:

ಮೇಲಿನ ನಕ್ಷೆಯನ್ನೇ ಹಿಡಿದು ಹೇಳುತ್ತೇನೆ. ರಸ್ತೆಗಳ ಒಟ್ಟು ಉದ್ದ 1,708 ಅಡಿ, 521 ಮೀಟರ್. 30 ಅಡಿ ರಸ್ತೆಯಲ್ಲಿ ವಾಹನ ಓಡುವ ಭಾಗ 18 ಅಡಿ ಸಾಕು. ಎರಡೂ ಬದಿ ಗೋಡೆ ಸೇರಿ ಎರಡೂಕಾಲು ಅಡಿ ಚರಂಡಿ, ಉಳಿಯುವ ಮೂರೂಮುಕ್ಕಾಲು ಅಡಿಯಲ್ಲಿ ಒಂದು ಬದಿ ಕಂಬ, ಮರ, ಇನ್ನೊಂದು ಬದಿ ನೀರಿನ ಪೈಪು. 40 ಅಡಿ ರಸ್ತೆಗೆ 7 ಮೀಟರ್ ಡಾಂಬರು. ಒಟ್ಟು ಸುಮಾರು 3,000 ಚದರ ಮೀಟರ್. ಜಿಎಸ್‌ಬಿ (ರಸ್ತೆಯ ಅಡಿಪದರದ ಜಲ್ಲಿ) 200 ಮಿ.ಮೀ. ಅಂದರೆ ಗಟ್ಟಿಯಾದ ಮೇಲೆ 600 ಘನ ಮೀಟರ್, ಅದರ ಮೇಲೆ ವೆಟ್ ಮಿಕ್ಸ್ (ನೀರು ಬೆರೆಸಿ ಹಾಸುವ ಜಲ್ಲಿ) 150 ಮಿ.ಮೀ., 450 ಘನ ಮೀಟರ್. ಗುತ್ತಿಗೆದಾರರು ಲೋಡ್ ಲೆಕ್ಕದಲ್ಲಿ ದರ ಹೇಳಿದರೆ ಒಪ್ಪಬೇಡಿ. ಸಡಿಲ ಜಲ್ಲಿಗೂ ರೋಲರ್ ಓಡಿಸಿದ ಜಲ್ಲಿಗೂ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಗಟ್ಟಿಯಾದ ದಪ್ಪಕ್ಕೆ, ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಬಾಬ್ತುಗಳ ಹೆಸರಿನಲ್ಲೇ ಬರೆಸಿಕೊಳ್ಳಿ.

ತೆಂಗಿನ ತೋಟದಲ್ಲಿ ಮರ ಕಡಿದು ಬುಡ ಒಳಗೇ ಬಿಟ್ಟು ಮಣ್ಣು ಎಳೆಯುವುದು ಎಲ್ಲೆಡೆ ನಡೆಯುತ್ತದೆ. ಬುಡ ಕೊಳೆತು ಎರಡು ಮೂರು ಮಳೆಗಾಲದಲ್ಲಿ ರಸ್ತೆ ಗುಂಡಿಯಾಗಿ ಕುಸಿಯುತ್ತದೆ. ಪ್ರತಿ ಬುಡವನ್ನೂ ಜೆಸಿಬಿಯಿಂದ ಬೇರುಸಹಿತ ಕೀಳಿಸಿ, ಗುಂಡಿಗೆ ಗ್ರಾವೆಲ್ ಮಣ್ಣು ತುಂಬಿ, 8 ಅಂಗುಲಕ್ಕೊಮ್ಮೆ ನೀರು ಹಾಕಿ ದಮ್ಮಸು ಮಾಡಬೇಕು. ತೋಟದ ಮೇಲ್ಮಣ್ಣು ಗೊಬ್ಬರದಿಂದ ಕೂಡಿ ಮೆತ್ತಗಿರುತ್ತದೆ. ರಸ್ತೆ ಜಾಗದಲ್ಲಿ ಒಂದಡಿ ಕೆತ್ತಿ ತೆಗೆದು ಉದ್ಯಾನದಲ್ಲಿ ಹರಡಿ. ಹಳ್ಳದ ಕಡೆ ಎರೆಮಣ್ಣು ಸಿಗುವ ಸಾಧ್ಯತೆ ಇದೆ. ಉತ್ತರದ ರಸ್ತೆಯಲ್ಲಿ ಮೂರು ಕಡೆ ಗುಂಡಿ ತೋಡಿ ಮಣ್ಣಿನ ಸಿಬಿಆರ್ (ಭಾರ ಹೊರುವ ಶಕ್ತಿಯ) ಪರೀಕ್ಷೆ ಮಾಡಿಸಿ, ಅದು ಕಡಿಮೆ ಬಂದರೆ ಜಿಎಸ್‌ಬಿ ದಪ್ಪ ಏರಿಸಬೇಕು.

ಬಾವಿ ಉದ್ಯಾನದ ಪಟ್ಟಿಯಲ್ಲಿ ಬೀಳುವುದು ನಿಮ್ಮ ಅದೃಷ್ಟ. ಮುಚ್ಚಬೇಡಿ. ಹೂಳೆತ್ತಿ, ಸುತ್ತ ನಾಲ್ಕಡಿ ಕಟ್ಟೆ ಏರಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿ, ಸಿ.ಎ. ಕಡೆಯ ಮಳೆನೀರನ್ನು ಮರಳು-ಜಲ್ಲಿಯ ಸೋಸುಗುಂಡಿ ದಾಟಿಸಿ ಇಂಗಿಸಿ. ಕೊಳವೆಬಾವಿಗೆ ಅದೇ ಆಸರೆ.

ಮಳೆನೀರು: ನಾಲ್ಕೂವರೆ ಎಕರೆ 1.82 ಹೆಕ್ಟೇರ್. ಗಂಟೆಗೆ 75 ಮಿ.ಮೀ. ಮಳೆ, ಶೇ 60 ಹರಿದುಬರುತ್ತದೆ ಎಂದು ಹಿಡಿದರೆ ಸೆಕೆಂಡಿಗೆ 0.23 ಘನ ಮೀಟರ್. ಹಳ್ಳಕ್ಕೆ ಸೇರುವ ಕೊನೆಯ ಚರಂಡಿ 450×450 ಮಿ.ಮೀ., 200ಕ್ಕೆ 1 ಇಳಿಜಾರು ಇದ್ದರೆ ಇದನ್ನು ಸರಿಸುಮಾರು ಹೊರುತ್ತದೆ, ಮೇಲಿನ ಭಾಗಗಳಿಗೆ 300 ಅಗಲ ಸಾಕು. ಇದು ನಿಮ್ಮ ಜಮೀನಿನ ನೀರು ಮಾತ್ರ. ದಕ್ಷಿಣದ ಹೊಲಗಳಿಂದ ಇಳಿದುಬರುವ ನೀರಿಗೆ ದಕ್ಷಿಣದ ಗಡಿಯಲ್ಲಿ ಪ್ರತ್ಯೇಕ ಕಾಲುವೆ ಬೇಕು, ಇಲ್ಲದಿದ್ದರೆ ನಾಲ್ಕನೇ ಸಾಲಿನ ಹಿತ್ತಿಲಿಗೆ ನುಗ್ಗುತ್ತದೆ. ರಸ್ತೆಯ ಅಂತಿಮ ಮಟ್ಟ ಯಾವಾಗಲೂ ಸೈಟಿನ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿನಲ್ಲಿರಲಿ.

ಒಳಚರಂಡಿಗೆ ಇಳಿಜಾರು ಇಲ್ಲಿ ಕಷ್ಟದ ಭಾಗ. ರಸ್ತೆಗಳು 160 ಮೀಟರ್ ಉದ್ದ ಸಮತಟ್ಟಾಗಿ ಓಡುತ್ತವೆ. 150 ಮಿ.ಮೀ. ಪೈಪು 100ಕ್ಕೆ 1 ಇಳಿಸಿದರೆ ಪೂರ್ವ ತುದಿಯಲ್ಲಿ 1.6 ಮೀಟರ್ ಹೆಚ್ಚು ಆಳ ಬೇಕು. 200 ಮಿ.ಮೀ. ಪೈಪಿನಲ್ಲಿ 200ಕ್ಕೆ 1 ಇಳಿಸಬಹುದು, ಆಳ 0.8 ಮೀಟರ್‌ಗೆ ಇಳಿಯುತ್ತದೆ. ಅಗೆತದಲ್ಲಿ ಉಳಿಯುವ ಹಣ ದೊಡ್ಡ ಪೈಪಿನ ಬೆಲೆಯನ್ನು ಸರಿದೂಗಿಸುತ್ತದೆ. 30 ಮೀಟರಿಗೊಂದು ಮ್ಯಾನ್‌ಹೋಲ್. ಪಶ್ಚಿಮದಿಂದ ಪೂರ್ವಕ್ಕೆ ಹರಿಸಿ ಈಶಾನ್ಯದ ತಗ್ಗಿನಲ್ಲಿ ಶುದ್ಧೀಕರಣ ಘಟಕ. ಉದ್ಯಾನದಲ್ಲಿ ಶೇ 10ಕ್ಕಿಂತ ಹೆಚ್ಚಿಗೆ ಇರುವ ಆರೂವರೆ ಸಾವಿರ ಚದರಡಿಯಲ್ಲಿ ಅದಕ್ಕೆ ಜಾಗ ಕೇಳಿ, ಬಫರ್ ಆದ್ದರಿಂದ ಲಿಖಿತ ಒಪ್ಪಿಗೆ ಇರಲಿ.

ನೀರು: ಇಷ್ಟು ದೊಡ್ಡ ಸೈಟಿನಲ್ಲಿ ಕೆಳಗೊಂದು ಮೇಲೊಂದು ಮನೆ ಬಂದೇ ಬರುತ್ತದೆ. 67 ಸೈಟು, ಎರಡು ಮನೆ, ಐದು ಜನ, ತಲೆಗೆ 135 ಲೀಟರ್, ದಿನಕ್ಕೆ 90,000 ಲೀಟರ್. 50,000 ಲೀಟರ್‌ನ ಓವರ್‌ಹೆಡ್ ಟ್ಯಾಂಕ್, ದಿನಕ್ಕೆರಡು ಬಾರಿ ತುಂಬಿದರೆ ಸಾಕು. ನೀರಿನ ಫ್ಲೋರೈಡ್ ಪರೀಕ್ಷೆಯನ್ನು ಕೊಳವೆಬಾವಿ ಕೊರೆದ ವಾರದಲ್ಲೇ ಮಾಡಿಸಿ.

ಕರೆಂಟು: 134 ಮನೆ, ತಲಾ 3 ಕಿಲೋವ್ಯಾಟ್, ಏಕಕಾಲದ ಬಳಕೆ ಶೇ 40 ಎಂದರೆ ಸುಮಾರು 180 ಕೆವಿಎ. 100 ಕೆವಿಎ ಟ್ರಾನ್ಸ್‌ಫಾರ್ಮರ್ ಎರಡು, ಅಂತಿಮ ಅಂದಾಜು ಬೆಸ್ಕಾಂ ಮಾಡಿಕೊಡುತ್ತದೆ. ಅವುಗಳ ಜಾಗವನ್ನು ನಕ್ಷೆಯಲ್ಲೇ ಗುರುತಿಸಿ, ಇಲ್ಲದಿದ್ದರೆ ಯಾರದೋ ಗೇಟಿನ ಎದುರು ಬಂದು ಕೂರುತ್ತವೆ. ಓರೆ 11 ಕೆ.ವಿ. ಲೈನನ್ನು ರಸ್ತೆ ಬದಿಗೆ ಸರಿಸಲು ಅರ್ಜಿ ಈಗಲೇ ಹಾಕಿ. ಆ ಲೈನಿನ ಕೆಳಗಿನ ಸೈಟುಗಳನ್ನು ಯಾರೂ ಮುಟ್ಟುವುದಿಲ್ಲ.

ಒಂದು ಮಾತು ಮರೆಯಬೇಡಿ. ನೀರಿನ ಪೈಪು ಒಂದು ಬದಿಗಿದ್ದರೆ ಎದುರು ಬದಿಯ ಮನೆಗಳಿಗೆ ರಸ್ತೆ ಅಡ್ಡ ದಾಟಬೇಕು. ವೆಟ್ ಮಿಕ್ಸ್ ಹಾಕುವ ಮುಂಚೆಯೇ ಎರಡು ಸೈಟಿಗೊಂದರಂತೆ 110 ಮಿ.ಮೀ. ಖಾಲಿ ಪೈಪನ್ನು ರಸ್ತೆ ಅಡಿ ಹೂತು, ತುದಿ ಮುಚ್ಚಿ, ಚರಂಡಿ ಗೋಡೆಯ ಮೇಲೆ ಬಣ್ಣದ ಗುರುತು ಹಾಕಿ. ಇದನ್ನು ಮಾಡದ ಲೇಔಟಿನಲ್ಲಿ ಮೊದಲ ಹತ್ತು ಮನೆ ಏಳುವಷ್ಟರಲ್ಲಿ ಡಾಂಬರಿನ ತುಂಬ ಅಡ್ಡಗೆರೆ.

ಲೆಕ್ಕಪತ್ರ:

ಹಣದ ಕಡೆ. ಜಮೀನು 6.75 ಕೋಟಿ, 1,03,290 ಚದರಡಿಗೆ ಹಂಚಿದರೆ 654 ರೂಪಾಯಿ. ಅಭಿವೃದ್ಧಿ ಎಕರೆಗೆ 50 ಲಕ್ಷ ಎಂದು ಸದ್ಯಕ್ಕೆ ಹಿಡಿಯಿರಿ, 2.25 ಕೋಟಿ. ಅದಕ್ಕೆ ಗುತ್ತಿಗೆದಾರರ ಶೇ 18 ಜಿಎಸ್‌ಟಿ ಸೇರಿಸಿ 2.655 ಕೋಟಿ, ಚದರಡಿಗೆ 257. ಅಭಿವೃದ್ಧಿಪಡಿಸಿದ ಸೈಟಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲ ಎಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ. ಮಾರಾಟಕ್ಕೆ ತೆರಿಗೆ ಇಲ್ಲದ ಕಾರಣ ಗುತ್ತಿಗೆದಾರರಿಗೆ ಕಟ್ಟಿದ್ದು ವಾಪಸು ಹೊಂದಿಕೆಯಾಗುವುದಿಲ್ಲ, ವೆಚ್ಚವೇ. ಜಮೀನಿನ ಹಣಕ್ಕೆ ಶೇ 12 ಬಡ್ಡಿ ಎಂದರೆ ವರ್ಷಕ್ಕೆ 81 ಲಕ್ಷ, ಚದರಡಿಗೆ 78. ಎರಡು ವರ್ಷ ಹಿಡಿದರೆ ಒಟ್ಟು 11.02 ಕೋಟಿ, ಚದರಡಿಗೆ 1,067. ಶುಲ್ಕಗಳು, ಸಂಪರ್ಕ ರಸ್ತೆ, ಮಾರಾಟದ ಕಮಿಷನ್ ಇದರ ಮೇಲೆ.

ಈಗ ಅರ್ಧ-ಅರ್ಧ ಜಂಟಿ. ನಿಮ್ಮ ಪಾಲು 51,645 ಚದರಡಿ, ಖರ್ಚು 2.655 ಕೋಟಿ ಮಾತ್ರ. 1,500ರ ದರದಲ್ಲಿ ಉಳಿಯುವುದು 5.09 ಕೋಟಿ. ಕೊಂಡು ಮಾಡಿದರೆ ಉಳಿಯುವುದು 4.47 ಕೋಟಿ. ಎರಡೂ ಸಮವಾಗುವುದು ಚದರಡಿಗೆ ಸುಮಾರು 1,620ರಲ್ಲಿ. ಅದಕ್ಕಿಂತ ಚೆನ್ನಾಗಿ ಮಾರುತ್ತೇವೆ, ಅದೂ ಎರಡು ವರ್ಷದೊಳಗೆ ಎಂಬ ಭರವಸೆ ಗಟ್ಟಿಯಾಗಿದ್ದರೆ ಮಾತ್ರ ಕೊಳ್ಳಿ. ನನ್ನ ಅಭಿಪ್ರಾಯ ಜಂಟಿಯ ಕಡೆಗೇ. ಬಂಡಿದಾರಿಯ ತಕರಾರು ಬಗೆಹರಿಸಲು ಮಾಲೀಕರಿಗೂ ಆಗ ಆಸಕ್ತಿ ಇರುತ್ತದೆ, ಪಕ್ಕದ ಹೊಲದವರು ಅವರ ಮಾತು ಕೇಳುತ್ತಾರೆ. ಯಾವ ಸೈಟು ಯಾರ ಪಾಲಿಗೆ ಎಂದು ನಂಬರ್ ಸಮೇತ, ಉತ್ತರಮುಖ ದಕ್ಷಿಣಮುಖ ಸಮನಾಗಿ, ಕರಾರಿನ ನಕ್ಷೆಯಲ್ಲೇ ಬಣ್ಣ ಹಾಕಿ ಸಹಿ ಮಾಡಿಸಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ವಿಚಾರ: ಜಾಗ 500 ಚದರ ಮೀಟರ್ ಮೀರಿದ್ದರಿಂದ ನೋಂದಣಿ ಕಡ್ಡಾಯ. ನಂಬರ್ ಬರುವ ಮುನ್ನ ಬ್ಯಾನರ್, ವಾಟ್ಸ್ಆ್ಯಪ್ ಜಾಹೀರಾತು, ಬುಕಿಂಗ್ ಯಾವುದೂ ಇಲ್ಲ. ದಂಡ ಯೋಜನಾ ವೆಚ್ಚದ ಶೇ 10ರವರೆಗೆ ಹೋಗಬಹುದು. ಗ್ರಾಹಕರಿಂದ ಬಂದ ಹಣದ ಶೇ 70 ಪ್ರತ್ಯೇಕ ಬ್ಯಾಂಕ್ ಖಾತೆಗೆ, ಕೆಲಸ ಆದಷ್ಟಕ್ಕೆ ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರ ಪ್ರಮಾಣಪತ್ರ ಇಟ್ಟು ತೆಗೆಯಬೇಕು. ನೋಂದಾಯಿತ ಕರಾರು ಇಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆದ್ದರಿಂದ ‘ಬುಕಿಂಗ್ ಹಣದಲ್ಲೇ ರಸ್ತೆ ಮಾಡೋಣ’ ಎಂಬ ಲೆಕ್ಕ ನಡೆಯುವುದಿಲ್ಲ. ಜಿಎಸ್‌ಬಿ, ಪೈಪು, ಚರಂಡಿಯವರೆಗಿನ ಹಣ ಮೊದಲೇ ಕೈಯಲ್ಲಿರಬೇಕು.

ಸೈಟು ಬಿಡುಗಡೆಯನ್ನು ಪ್ರಾಧಿಕಾರ ಕಾಮಗಾರಿಯ ಪ್ರಗತಿ ನೋಡಿ ಹಂತ ಹಂತವಾಗಿ ಮಾಡುತ್ತದೆ. ಅದಕ್ಕೂ ಮುನ್ನ ರಸ್ತೆ, ಉದ್ಯಾನ, ಸಿ.ಎ. ಜಾಗಗಳನ್ನು ಪರಿತ್ಯಾಜನಾ ಪತ್ರದ ಮೂಲಕ ಬಿಟ್ಟುಕೊಡಬೇಕು. ಬಿಡುಗಡೆ ಪತ್ರ ಬಂದ ಮೇಲೆ ಇ-ಖಾತೆ, ಇ-ಖಾತೆ ಬಂದ ಮೇಲೆ ನೋಂದಣಿ. ಉತ್ತರಮುಖ ಮೂಲೆ ಸೈಟುಗಳನ್ನು ಮೊದಲ ಹಂತದಲ್ಲೇ ಎಲ್ಲ ಮಾರಿಬಿಡಬೇಡಿ. ಕೊನೆಗೆ ಬರೀ ದಕ್ಷಿಣಮುಖ ಉಳಿದರೆ ಬಡ್ಡಿ ಓಡುತ್ತಿರುತ್ತದೆ, ದರ ಇಳಿಸಬೇಕಾಗುತ್ತದೆ. ಪ್ರತಿ ಹಂತದಲ್ಲೂ ಎರಡೂ ಮುಖದವು ಬೆರೆತಿರಲಿ.

ಹದ್ದುಬಸ್ತು:

ಒಂದು ಸೇರಿಸುತ್ತೇನೆ. ಬಫರ್ ಅಳತೆ ಹಳ್ಳದ ನಡುಗೆರೆಯಿಂದಲೋ ಅಂಚಿನಿಂದಲೋ ಎಂಬುದನ್ನು ಅರ್ಜಿಯಲ್ಲಿ ನೇರವಾಗಿ ಕೇಳಿ. 8 ಗುಂಟೆ 594 ಅಡಿಗೆ ಹರಡಿದರೆ ಹಳ್ಳ ಸುಮಾರು 15 ಅಡಿ ಅಗಲ. ನಡುಗೆರೆಯಿಂದ ಅಳೆದರೆ ನಿಮ್ಮ ಜಮೀನಿನೊಳಗೆ ಬರುವುದು 49ರ ಬದಲು 42 ಅಡಿ. ಆಗ ಉದ್ಯಾನದ ಪಟ್ಟಿಯನ್ನು 42ಕ್ಕೆ ಇಳಿಸಿದರೂ ಶೇ 10 ದಾಟುತ್ತದೆ, ಸೈಟಿನ ಆಳ 57 ಅಡಿ ಆಗುತ್ತದೆ. ಆದರೆ ಅಷ್ಟಕ್ಕೆ ಇಳಿಸಿದರೆ ಶುದ್ಧೀಕರಣ ಘಟಕಕ್ಕೆ ಜಾಗ ಸಿಗುವುದಿಲ್ಲ, ಶೇ 55ರ ಮಿತಿಯನ್ನೂ ಒಮ್ಮೆ ತಾಳೆ ನೋಡಬೇಕು. ಕಲ್ಲು ನೆಟ್ಟ ಮೇಲೆ ಹಳ್ಳದ ಎರಡೂ ಅಂಚನ್ನು ಸರ್ವೆ ನಕ್ಷೆಯಲ್ಲಿ ಬರೆಸಿಕೊಂಡು ಹೋಗಿ.